ಕಣ್ಣು ಮುಚ್ಚಿ ಕೂತರೆ ರಿಂಗ್‌ಟೋನ್ ಕೇಳಿಸುತ್ತದೆ

ಪ್ರಶ್ನೆ: ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು 34. ಹನ್ನೊಂದು ವರ್ಷದ ಸರ್ವಿಸ್, ಅದರಲ್ಲಿ ಆರು ವರ್ಷ ಐಸಿಯು. ಈಚೆಗೆ ನನಗೆ ಏನೂ ಅನ್ನಿಸುವುದೇ ಇಲ್ಲ. ಹೋದ ವಾರ ಒಬ್ಬ ಹುಡುಗ ತೀರಿಹೋದ ತಂದೆಯ ಕಾಲು ಹಿಡಿದುಕೊಂಡು ಅಳುತ್ತಿದ್ದ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ಇವನು ಬೇಗ ಆಚೆ ಹೋದರೆ ಬೆಡ್ ರೆಡಿ ಮಾಡಬಹುದಿತ್ತು ಅಂತ. ಮನೆಗೆ ಬಂದರೆ ಮಕ್ಕಳ ಮೇಲೆ ರೇಗುತ್ತೇನೆ. ನೈಟ್ ಮುಗಿಸಿ ಹಗಲು ಮಲಗಿದರೆ ಅತ್ತೆ ಏನೂ ಅನ್ನುವುದಿಲ್ಲ, ಪಾತ್ರೆ ಮಾತ್ರ ಜೋರಾಗಿ ಇಡುತ್ತಾರೆ. ನಿದ್ದೆ ಬರದೆ ಫಾರ್ಮಸಿಯ ಗೆಳತಿಯ ಹತ್ತಿರ ಆಲ್ಪ್ರಜೊಲಾಂ (ಆತಂಕ ತಗ್ಗಿಸುವ ಮಾತ್ರೆ) ಇಸಿದುಕೊಂಡು ದಿನಾ ಅರ್ಧ ಮಾತ್ರೆ ನುಂಗುತ್ತಿದ್ದೇನೆ, ಎರಡು ತಿಂಗಳಾಯಿತು. ಹೊಸನಗರದ ಹತ್ತಿರ ನಮ್ಮ ತವರುಮನೆ. ಅಡಿಕೆ ಕೊನೆಕೊಯ್ಲಿಗೆ ಅಂತ ಐದು ದಿನ ರಜೆ ಹಾಕಿ ಹೋಗಿದ್ದಾಗ ಮೂರನೇ ದಿನ ಅಡಿಕೆ ಸುಲಿಯುವವರ ಜೊತೆ ಕೂತು ಹೊಟ್ಟೆ ತುಂಬ ನಕ್ಕೆ. ವಾಪಸ್ ಬರುವ ದಿನ ಬಸ್ ಹತ್ತುವಾಗಲೇ ಹೊಟ್ಟೆ ತೊಳಸಿತು.

ಆಸ್ಪತ್ರೆಯವರು ಒಂದು ಭಾನುವಾರ, ನನ್ನ ವೀಕ್ಲಿ ಆಫ್ ದಿನವೇ, ಎರಡು ಗಂಟೆಯ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ) ಶಿಬಿರ ಮಾಡಿಸಿದರು. ‘ಒತ್ತಡ ಹೊರಗಿಲ್ಲ, ನಿಮ್ಮ ಮನಸ್ಸಿನಲ್ಲಿದೆ’ ಎಂದರು ಬಂದವರು. ಮನೆಯಲ್ಲಿ ಮೊಬೈಲ್ ಆಪ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ಐದು ನಿಮಿಷಕ್ಕೆ 2021ರ ಮೇ ತಿಂಗಳ ಒಂದು ರಾತ್ರಿ ಬಂತು. ಕೋವಿಡ್ ವಾರ್ಡಿನಲ್ಲಿ ಒಬ್ಬರ ಕೊನೆ ಗಳಿಗೆ, ಅವರ ಮಗಳ ವಿಡಿಯೊ ಕಾಲ್‌ಗೆ ನಾನು ಫೋನ್ ಹಿಡಿದು ನಿಂತಿದ್ದೆ. ಅವರು ಹೋದ ಮೇಲೂ ಆ ಫೋನ್ ಮತ್ತೆ ಮತ್ತೆ ರಿಂಗಾಗುತ್ತಿತ್ತು. ಅದೇ ರಿಂಗ್‌ಟೋನ್ ಕೇಳಿಸಿತು. ಎದೆ ಹೊಡೆದುಕೊಂಡು ಎದ್ದೆ, ಆಮೇಲೆ ಕೂತಿಲ್ಲ. ನಮ್ಮ ಯಜಮಾನರು ‘ಅದೆಲ್ಲ ಯಾಕೆ, ಸಂಜೆ ದೇವಸ್ಥಾನಕ್ಕೆ ಹೋಗಿ ಬಾ, ಸಾಕು’ ಅಂತಾರೆ. ನಾನು ಕಲ್ಲಾಗಿಬಿಟ್ಟಿದ್ದೇನಾ ಡಾಕ್ಟ್ರೇ? ಧ್ಯಾನ ಮಾಡಲೂ ಬಾರದವಳಾ? ಕೆಲಸ ಬಿಡಲಾ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ‘ನನ್ನ ವೀಕ್ಲಿ ಆಫ್ ದಿನವೇ’ ಎಂಬ ನಾಲ್ಕು ಪದಗಳ ಮೇಲೆ. ಆ ತಪ್ಪನ್ನು ನಾನೂ ಮಾಡಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ ಒಂದು ಆಸ್ಪತ್ರೆಯವರು ಕರೆದರೆಂದು ಅಲ್ಲಿನ ನರ್ಸ್‌ಗಳಿಗೆ ಇಂಥದೇ ಶಿಬಿರ ನಡೆಸಿಕೊಟ್ಟೆ, ಅದೂ ಭಾನುವಾರವೇ. ಚಾಪೆ ಹಾಸಿ ಎಲ್ಲರನ್ನೂ ಮಲಗಿಸಿ, ಕಾಲ್ಬೆರಳಿನಿಂದ ನೆತ್ತಿಯ ತನಕ ಒಂದೊಂದೇ ಅಂಗದ ಮೇಲೆ ಗಮನ ತನ್ನಿ ಎನ್ನುತ್ತಾ ಹೋದೆ. ಮೊಣಕಾಲಿಗೆ ಬರುವಷ್ಟರಲ್ಲಿ ಮೂಲೆಯಿಂದ ಗೊರಕೆ ಶುರುವಾಯಿತು. ಸೊಂಟಕ್ಕೆ ಬಂದಾಗ ಅರ್ಧ ಹಾಲ್ ನಿದ್ದೆ. ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಆಡಳಿತದವರ ಮುಖ ಸಣ್ಣಗಾಯಿತು. ನಾನು ಮಾತು ನಿಲ್ಲಿಸಿ, ಲೈಟ್ ಆರಿಸಿ, ಸುಮ್ಮನೆ ಕೂತುಬಿಟ್ಟೆ. ಅವರಲ್ಲಿ ಹೆಚ್ಚಿನವರು ಅಂದು ಬೆಳಿಗ್ಗೆಯಷ್ಟೇ ನೈಟ್ ಮುಗಿಸಿ ಬಂದಿದ್ದರಂತೆ. ಈಗ ಯಾರಾದರೂ ಶಿಬಿರಕ್ಕೆ ಕರೆದರೆ ನಾನು ಮೊದಲು ಕೇಳುವುದು ಡ್ಯೂಟಿ ಟೈಮಿನಲ್ಲೋ, ಆಫ್‌ನಲ್ಲೋ ಎಂದು. ಅರ್ಧಕ್ಕರ್ಧ ಜನ ಆಮೇಲೆ ಫೋನ್ ಮಾಡುವುದಿಲ್ಲ.

ನೀವು ಕೇಳಿದ್ದು ಮೂರು ಪ್ರಶ್ನೆ, ಆದರೆ ಕೇಳದೇ ಬರೆದ ಒಂದು ವಿಷಯದಿಂದ ಶುರು ಮಾಡುತ್ತೇನೆ. ಆ ಅರ್ಧ ಮಾತ್ರೆ. ಇಂಥ ಮಾತ್ರೆಗಳಿಗೆ ದೇಹ ಒಗ್ಗಿಕೊಳ್ಳಲು ಕೆಲವೇ ವಾರ ಸಾಕು ಎಂಬುದು ನಿಮಗೂ ಗೊತ್ತು, ಔಷಧಿ ಟ್ರಾಲಿ ತಳ್ಳಿಕೊಂಡೇ ಇರುವವರು ನೀವು. ಗೊತ್ತಿದ್ದರೂ ನುಂಗುತ್ತೇವೆ, ವೈದ್ಯರಲ್ಲೂ ನರ್ಸ್‌ಗಳಲ್ಲೂ ಇದು ನಾನು ಎಷ್ಟೋ ಸಲ ಕಂಡದ್ದು, ಯಾಕೆಂದರೆ ಕಪಾಟಿನ ಬೀಗ ನಮ್ಮ ಕೈಯಲ್ಲೇ ಇರುತ್ತದೆ. ಎರಡು ತಿಂಗಳು ದಿನಾ ತೆಗೆದುಕೊಂಡದ್ದನ್ನು ನಾಳೆಯಿಂದಲೇ ಎಸೆಯಬೇಡಿ. ಹಠಾತ್ತನೆ ನಿಲ್ಲಿಸಿದರೆ ನಿದ್ದೆ ಇನ್ನೂ ಕೆಡುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಲೆಕ್ಕದಲ್ಲಿ ಮೆಲ್ಲಗೆ ಇಳಿಸಬೇಕು. ಗೆಳತಿಯ ಪಾಡನ್ನೂ ಯೋಚಿಸಿ. ಚೀಟಿ ಇಲ್ಲದೆ ಕೊಡುವಂತಿಲ್ಲದ, ರಿಜಿಸ್ಟರಿನಲ್ಲಿ ಲೆಕ್ಕ ಇಡಬೇಕಾದ ಮಾತ್ರೆ ಅದು. ಸಿಕ್ಕಿಬಿದ್ದರೆ ಕೆಲಸ ಹೋಗುವುದು ಅವಳದ್ದು.

ಇನ್ನು ‘ಕಲ್ಲಾಗಿದ್ದೇನಾ’ ಎಂಬ ಪ್ರಶ್ನೆ. ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ವಾರ್ಡಿನಿಂದ ಬಂದು ಸಹೋದ್ಯೋಗಿಗೆ ‘ಹನ್ನೊಂದು ಹೋಯ್ತು’ ಎಂದೆ. ಹನ್ನೊಂದು ಎಂದರೆ ಬೆಡ್ ನಂಬರ್. ಆ ಹನ್ನೊಂದಕ್ಕೆ ಹೆಂಡತಿ ಇದ್ದರು, ಬಾಗಿಲ ಹಿಂದೆಯೇ ನಿಂತಿದ್ದರು. ಅವರ ಮುಖ ಇವತ್ತಿಗೂ ನನಗೆ ಮರೆತಿಲ್ಲ. ನಾನು ಆಗ ಕೆಟ್ಟವನಾಗಿರಲಿಲ್ಲ, ಮೂವತ್ತಾರು ಗಂಟೆಯಿಂದ ಎದ್ದೇ ಇದ್ದೆ.

ನಿಮಗೆ ಆಗಿರುವುದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದರು. ಅವರು ಗುರುತಿಸಿದ್ದು ಮೂರು ಎಳೆ. ಒಂದು, ಎಷ್ಟು ಮಲಗಿದರೂ ಹೋಗದ ದಣಿವು. ಎರಡು, ಎದುರಿಗಿರುವ ಮನುಷ್ಯ ಬೆಡ್ ನಂಬರ್ ಆಗಿ, ಕೇಸ್‌ಶೀಟ್ ಆಗಿ ಕಾಣುವುದು. ಮೂರು, ‘ನಾನು ಮಾಡಿದ್ದರಿಂದ ಏನೂ ಆಗುವುದಿಲ್ಲ’ ಎಂಬ ಭಾವ. ನೀವು ಕಲ್ಲು ಎನ್ನುತ್ತಿರುವುದು ಎರಡನೆಯದನ್ನು. ನೋವಿಗೆ ಕೈಯೊಡ್ಡಿ ಕೈಯೊಡ್ಡಿ ಮನಸ್ಸು ಕಟ್ಟಿಕೊಂಡ ಜಡ್ಡು ಅದು, ಹಾರೆ ಹಿಡಿದವನ ಅಂಗೈಯಲ್ಲಿ ಕಟ್ಟುವ ಹಾಗೆ. ಕೆಲಸ ನಡೆಸಿಕೊಡುತ್ತದೆ, ಮಗುವಿನ ಕೆನ್ನೆ ಮುಟ್ಟಿದರೆ ಮಾತ್ರ ಒರಟು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿ ಪರಿಷ್ಕರಿಸುವಾಗ ಬರ್ನ್‌ಔಟನ್ನು ಕಾಯಿಲೆ ಎನ್ನಲಿಲ್ಲ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಹುಟ್ಟುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಹಾಗಾಗಿ ‘ಒತ್ತಡ ಹೊರಗಿಲ್ಲ’ ಎಂದ ಶಿಬಿರದವರ ಮಾತನ್ನು ನಾನು ಒಪ್ಪುವುದಿಲ್ಲ. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಎಂಬುದು ಪುಸ್ತಕದ ಲೆಕ್ಕ. ನೀವು ರಾತ್ರಿ ಎಷ್ಟು ಜನರನ್ನು ನೋಡಿಕೊಳ್ಳುತ್ತೀರಿ ಎಂದು ಪತ್ರದಲ್ಲಿ ಬರೆದಿಲ್ಲ; ನಾನು ಊಹಿಸಬಲ್ಲೆ. ಮೂರು ಮಾನಿಟರ್ ಒಟ್ಟಿಗೆ ಕೂಗುವಾಗ ಯಾವುದಕ್ಕೆ ಮೊದಲು ಓಡಲಿ ಎಂಬುದು ಮನಸ್ಸಿನ ಭ್ರಮೆಯಲ್ಲ.

ಖಿನ್ನತೆ ಇರಬಹುದೇ ಎಂದೂ ನೋಡಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಖಿನ್ನತೆ ಮಾತ್ರ ರಜೆ ಹಾಕಿದರೂ ಬಿಡುವುದಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತು ತವರಿಗೂ ಬರುತ್ತದೆ. ನೀವು ಮೂರನೇ ದಿನ ಮೆಟ್ಟುಕತ್ತಿಯ ಮುಂದೆ ಕೂತವರ ಜೊತೆ ನಕ್ಕಿರಿ. ನನಗೆ ಪತ್ರದಲ್ಲಿ ಸಮಾಧಾನ ಕೊಟ್ಟ ಸಾಲು ಅದೇ. ಎರಡು ದಿನ ದಣಿವು ಇಳಿಯಲು ಹಿಡಿಯಿತು, ಆಮೇಲೆ ಹಳೆಯ ನೀವು ಅಲ್ಲೇ ಇದ್ದಿರಿ. ಹಾಗಂತ ಪತ್ರ ನೋಡಿ ಖಚಿತವಾಗಿ ಹೇಳಲಾರೆ. ಊರಿನಲ್ಲೂ ನಗು ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದು ಹೋದರೂ, ಇನ್ನು ಮುಂದಿನದನ್ನು ಓದುವುದು ಬಿಟ್ಟು ಮೊದಲು ವೈದ್ಯರನ್ನು ನೋಡಿ.

ನಮ್ಮ ಕಡೆ ಆಸ್ಪತ್ರೆ ಕೆಲಸಕ್ಕೆ ಇನ್ನೊಂದು ಭಾರ ಇದೆ. ಬೆಂಗಳೂರಿನಲ್ಲಿ ಡ್ಯೂಟಿ ಮುಗಿಸಿ ಗೇಟ್ ದಾಟಿದ ನರ್ಸ್ ಯಾರಿಗೂ ಯಾರೂ ಅಲ್ಲ. ಮಲೆನಾಡಿನಲ್ಲಿ ಹಾಗಲ್ಲ. ಬೆಡ್ ಮೇಲಿರುವವರು ನಿಮ್ಮ ಚಿಕ್ಕಮ್ಮನ ಊರಿನವರು. ಆಚೆ ಬೆಂಚಿನಲ್ಲಿ ಕೂತವರು ‘ನೀನು ಇಂಥವರ ಮಗಳಲ್ವೇನೇ’ ಎಂದು ಕೈ ಹಿಡಿಯುತ್ತಾರೆ. ಬಿಲ್ ಕಟ್ಟುವ ಕೌಂಟರಿನ ಸಿಟ್ಟು, ಡಾಕ್ಟರ್ ಸಿಗದ ಸಿಟ್ಟು, ಎರಡೂ ನಿಮ್ಮ ಮೇಲೆ, ಏಕವಚನದಲ್ಲಿ. ಮನೆಗೆ ಬಂದ ಮೇಲೆ ‘ನಮ್ಮ ಮಾವನಿಗೆ ಒಂದು ಬೆಡ್ ಸಿಗುತ್ತಾ’ ಎಂದು ಫೋನ್. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವರು ರಿಪೋರ್ಟ್ ತೋರಿಸುತ್ತಾರೆ. ಮಂಗನ ಕಾಯಿಲೆಯ ಕಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಮೇ ತನಕ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಇದು ಇನ್ನೂ ಬಿಗಿ: ಜ್ವರ ಬಂದು ಮಲಗಿದವರೂ ಪರಿಚಯದವರೇ, ಜಗಳಕ್ಕೆ ಬರುವವರೂ ಪರಿಚಯದವರೇ. ಈ ಭಾರಕ್ಕೆ ಯಾವ ಆಪ್‌ನಲ್ಲೂ ಪಾಠ ಇಲ್ಲ.

ಹಾಗಾದರೆ ಮೈಂಡ್‌ಫುಲ್‌ನೆಸ್ ಬರೀ ಬೂಟಾಟಿಕೆಯೇ? ಅಲ್ಲ. ನಿಮಗೆ ಸಿಕ್ಕಿದ್ದು ಅದರ ಚೂರು ಮಾತ್ರ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಇದನ್ನು ಆಸ್ಪತ್ರೆಯೊಳಗೆ ತಂದರು, ಔಷಧಿಯಿಂದ ಪೂರ್ತಿ ಗುಣವಾಗದ ದೀರ್ಘಕಾಲದ ನೋವಿನ ರೋಗಿಗಳಿಗಾಗಿ. ಎಂಟು ವಾರದ ಪಾಠ ಅದು: ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆ ತರಗತಿ, ನಡುವೆ ಒಂದು ಪೂರ್ತಿ ದಿನದ ಅಭ್ಯಾಸ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ. ಅಷ್ಟು ಮಾಡಿದವರಲ್ಲಿ ಒತ್ತಡ, ಆತಂಕ ಒಂದು ಮಟ್ಟಕ್ಕೆ ಇಳಿಯುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಭಾನುವಾರದ ಎರಡು ಗಂಟೆಯಿಂದ ಅದನ್ನು ನಿರೀಕ್ಷಿಸುವುದು, ಒಂದೇ ಡೋಸ್ ಆಂಟಿಬಯೋಟಿಕ್ ಕೊಟ್ಟು ಜ್ವರ ಯಾಕೆ ಬಿಡಲಿಲ್ಲ ಎಂದು ಕೇಳಿದ ಹಾಗೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ವೈದ್ಯರ ಬರ್ನ್‌ಔಟ್ ಇಳಿಸಲು ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2017ರ ಒಂದು ವಿಶ್ಲೇಷಣೆಯಲ್ಲಿ, ಧ್ಯಾನದಂಥ ವ್ಯಕ್ತಿಗತ ಉಪಾಯಗಳಿಗಿಂತ ಡ್ಯೂಟಿ ಪಟ್ಟಿ, ಕೆಲಸದ ಹೊರೆ ಬದಲಿಸಿದ್ದೇ ಹೆಚ್ಚು ಫಲ ಕೊಟ್ಟಿತ್ತು. ಎರಡೂ ಬೇಕು. ಆಸ್ಪತ್ರೆಗೆ ಅಗ್ಗವಾಗುವುದು ಮಾತ್ರ ಮೊದಲನೆಯದು.

ನಿಮ್ಮ ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಈ ಅಭ್ಯಾಸದ ಬೇರು ಬೌದ್ಧರಲ್ಲೂ ಯೋಗದಲ್ಲೂ ಇದೆ, ಆದರೆ ಆಸ್ಪತ್ರೆಯಲ್ಲಿ ಕಲಿಸುವುದಕ್ಕೆ ದೇವರೂ ಬೇಡ, ಮತವೂ ಬೇಡ. ಕೋಟೆ ಆಂಜನೇಯನ ಗುಡಿಗೆ ಫೋನ್ ಮನೆಯಲ್ಲಿಟ್ಟು ನಡೆದು ಹೋಗಿ ಹತ್ತು ನಿಮಿಷ ಕೂತು ಬಂದರೆ ಅರ್ಧ ಕೆಲಸ ಆದ ಹಾಗೇ. ಅವರೂ ಜೊತೆಗೆ ಬಂದರೆ, ಅಥವಾ ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಂಡರೆ, ಇನ್ನೂ ಒಳ್ಳೆಯದು.

‘ಧ್ಯಾನ ಮಾಡಲೂ ಬಾರದವಳಾ’ ಎಂದಿರಿ. ಮನಸ್ಸು ಖಾಲಿ ಮಾಡುವುದೇ ಧ್ಯಾನ ಎಂದುಕೊಂಡವರೆಲ್ಲ ಸೋತೆವು ಎಂದೇ ಏಳುತ್ತಾರೆ. ಈಗ ಏನಾಗುತ್ತಿದೆ ಎಂದು ಗಮನಿಸುವುದಷ್ಟೇ ಅಭ್ಯಾಸ. ಐಸಿಯು ನರ್ಸ್‌ಗೆ ಇದು ಹೊಸದೇನಲ್ಲ. ಉಸಿರಿನ ಸದ್ದು ಚೂರು ಬದಲಾದರೆ ಕಫ ಎಳೆಯುವ ಸಕ್ಷನ್ ಬೇಕು ಎಂದು ಮಾನಿಟರ್‌ಗಿಂತ ಮೊದಲು ಗೊತ್ತಾಗುವವರು ನೀವು. ಆ ಗಮನವನ್ನು ನಿಮ್ಮ ಕಡೆ ಒಮ್ಮೆಯೂ ತಿರುಗಿಸಿಲ್ಲ, ಅಷ್ಟೇ. ತಿರುಗಿಸಿದ ಮೊದಲ ದಿನವೇ ಸಿಕ್ಕಿದ್ದು ಆ ಫೋನ್.

ರಿಂಗ್‌ಟೋನ್ ನಿಮ್ಮ ಸೋಲಲ್ಲ. ಧ್ಯಾನಕ್ಕೆ ಕೂತಾಗ ಕೆಲವರಿಗೆ ಭಯ, ಹಳೆಯ ನೆನಪು ಉಕ್ಕುವುದುಂಟು. ಬ್ರೌನ್ ವಿಶ್ವವಿದ್ಯಾಲಯದ ವಿಲೊಬಿ ಬ್ರಿಟನ್ ಮತ್ತವರ ತಂಡ ಇದನ್ನು ವಿವರವಾಗಿ ದಾಖಲಿಸಿದೆ. ಆ ಮೇ ತಿಂಗಳಲ್ಲಿ ನಿಮಗೆ ಅಳಲು ಪುರುಸೊತ್ತು ಇರಲಿಲ್ಲ, ಪಿಪಿಇ ಕಿಟ್ ಒಳಗೆ ಅಳುವುದೂ ಕಷ್ಟ. ಆ ಫೋನನ್ನು ಯಾರ ಕೈಗೋ ಕೊಟ್ಟು ಮುಂದಿನ ಬೆಡ್‌ಗೆ ಹೋದಿರಿ. ಕೈಯಿಂದ ಕೊಟ್ಟದ್ದು ಹೌದು, ಮನಸ್ಸು ಅದನ್ನು ಇನ್ನೂ ಹಿಡಿದುಕೊಂಡೇ ನಿಂತಿದೆ. ಸುತ್ತ ಸದ್ದಡಗಿ ಕಣ್ಣು ಮುಚ್ಚಿದ ಕೂಡಲೇ ಅದು ರಿಂಗಾಗದೆ ಇನ್ನೇನಾದೀತು?

ಆದ್ದರಿಂದ ಸದ್ಯಕ್ಕೆ ನಿಮಗೆ ಕಣ್ಣು ಮುಚ್ಚಿ ಕೂರುವ ಅಭ್ಯಾಸ ಬೇಡ. ಆಪ್ ತೆಗೆದುಹಾಕಿ. ಆ ನೆನಪಿಗೆ ಬೇರೆಯೇ ಚಿಕಿತ್ಸೆ ಇದೆ, ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಮೆಲ್ಲ ಮೆಲ್ಲಗೆ ಬಿಚ್ಚಿ ಮಾತಾಡುವುದು. ಒಬ್ಬರೇ ಕೂತು ಬಿಚ್ಚುವ ಗಂಟಲ್ಲ ಅದು.

ಅಲ್ಲಿಯ ತನಕ ಕಣ್ಣು ತೆರೆದೇ ಮಾಡುವಂಥದ್ದು ಇದೆ. ನಾನು ಆಸ್ಪತ್ರೆಯವರಿಗೆ ಹೇಳಿಕೊಡುವುದರಲ್ಲಿ ಉಳಿದುಕೊಂಡದ್ದು ಹೆಚ್ಚಾಗಿ ಒಂದೇ, ಹ್ಯಾಂಡ್ ರಬ್. ಸರಿಯಾಗಿ ಹಚ್ಚಲು 20ರಿಂದ 30 ಸೆಕೆಂಡ್ ಬೇಕು. ದಿನಕ್ಕೆ ಎಷ್ಟು ಸಲ ಹಚ್ಚುತ್ತೀರೋ ಲೆಕ್ಕವಿಲ್ಲ. ಆ ಅರ್ಧ ನಿಮಿಷ ಮುಂದಿನ ಬೆಡ್ಡಿನ ಯೋಚನೆ ಬಿಟ್ಟು ಕೈಯನ್ನೇ ನೋಡಿ. ಸ್ಪಿರಿಟ್ಟಿನ ತಣ್ಣಗೆ ಬೆರಳ ಸಂದಿಗೆ ಇಳಿಯುವುದು, ಆರುವುದು. ಪಾದ ಚಪ್ಪಲಿಯೊಳಗೆ ನೆಲಕ್ಕೆ ಒತ್ತಿರುವುದು. ಒಂದು ಉಸಿರು ಒಳಗೆ, ಅದಕ್ಕಿಂತ ಉದ್ದವಾಗಿ ಹೊರಗೆ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ಕೊಂಚ ನಿಧಾನವಾಗುತ್ತದೆ, ಅದು ಶರೀರದ ಲೆಕ್ಕ, ನಂಬಿಕೆ ಬೇಕಿಲ್ಲ. ಇದಕ್ಕೆ ಬೇರೆ ಟೈಮ್ ಬೇಡ, ಯಾರ ಅಪ್ಪಣೆಯೂ ಬೇಡ, ಇನ್‌ಫೆಕ್ಷನ್ ಕಂಟ್ರೋಲ್‌ನವರಿಗೂ ಖುಷಿ. ನಡುವೆ ರಿಂಗ್‌ಟೋನ್ ಕೇಳಿಸಿದರೆ ಕಣ್ಣಿಗೆ ಕಾಣುವ ಐದು ವಸ್ತುವಿನ ಹೆಸರು ಹೇಳಿಕೊಳ್ಳಿ: ಟ್ರೇ, ಡ್ರಿಪ್ ಸ್ಟ್ಯಾಂಡ್, ನೀಲಿ ಪರದೆ, ಗಡಿಯಾರ, ಸ್ವಿಚ್. ಮೇ 2021ರಿಂದ ಇವತ್ತಿಗೆ ಬರಲು ಅಷ್ಟು ಸಾಕಾಗುತ್ತದೆ, ಹೆಚ್ಚಿನ ಸಲ.

ಸಾವಾದಾಗ ಮಾಡುವ ಇನ್ನೊಂದು ಕ್ರಮವಿದೆ. ವರ್ಜೀನಿಯಾದ ಜೊನಾಥನ್ ಬಾರ್ಟೆಲ್ಸ್ ಎಂಬ ತುರ್ತು ವಿಭಾಗದ ನರ್ಸ್ ಶುರು ಮಾಡಿದ್ದು. ರೋಗಿ ತೀರಿಕೊಂಡ ಮೇಲೆ ಟ್ಯೂಬ್ ಬಿಚ್ಚುವ ಮೊದಲು ಅಲ್ಲಿದ್ದವರೆಲ್ಲ ಒಂದು ನಿಮಿಷ ಮಂಚದ ಸುತ್ತ ಸುಮ್ಮನೆ ನಿಲ್ಲುವುದು, ಹೋದವರಿಗೂ ಪ್ರಯತ್ನಪಟ್ಟ ಕೈಗಳಿಗೂ ಗೌರವ ಎಂದು. ನಮ್ಮಲ್ಲಿ ಒಂದೆರಡು ಕಡೆ ಹೇಳಿ ನೋಡಿದೆ. ಡಾಕ್ಟರುಗಳು ಮುಜುಗರಪಟ್ಟರು. ಆಯಾಗಳು ಮೊದಲ ದಿನವೇ ತಲೆ ಮೇಲೆ ಸೆರಗು ಹೊದ್ದು ನಿಂತರು. ಆ ಹುಡುಗ ತಂದೆಯ ಕಾಲು ಹಿಡಿದಿದ್ದಾಗ ನಿಮಗೆ ಅಂಥ ಒಂದು ನಿಮಿಷ ಇದ್ದಿದ್ದರೆ ಬೆಡ್ಡಿನ ಯೋಚನೆ ಆಮೇಲೆ ಬರುತ್ತಿತ್ತೇನೋ.

ನಿದ್ದೆಯ ವಿಷಯ ಚಿಕ್ಕದಾಗಿ. ಬೆಳಗಿನ ಜಾವ ಮೂರರಿಂದ ಐದರ ನಡುವೆ ದೇಹದ ಶಾಖ ತೀರಾ ಇಳಿದಿರುತ್ತದೆ, ತಪ್ಪುಗಳಾಗುವ ಹೊತ್ತು ಅದು. ಅದಕ್ಕೆ ಮೊದಲು ಒಬ್ಬರಿಗೊಬ್ಬರು ಬಿಡಿಸಿಕೊಂಡು ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು ಕಳ್ಳತನವಲ್ಲ, ರೋಗಿಯ ಸುರಕ್ಷತೆ. ಮೂರು ಗಂಟೆಯ ಕಾಫಿ ಬಿಡಿ, ಬೆಳಿಗ್ಗೆ ಮಲಗುವಾಗಲೂ ಅದರ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿ. ಅತ್ತೆಯ ಪಾತ್ರೆಯ ಸದ್ದಿಗೆ ನಿಮ್ಮ ಯಜಮಾನರು ಉತ್ತರ ಹೇಳಬೇಕು, ನೀವಲ್ಲ. ‘ಅವಳಿಗೆ ಈಗ ರಾತ್ರಿ ಅಮ್ಮಾ’ ಎಂಬ ಒಂದು ಮಾತು ಮಗನ ಬಾಯಿಂದ ಬರಲಿ.

ಕೆಲಸ ಬಿಡುವ ಪ್ರಶ್ನೆಗೆ ಬರೋಣ. ನೈಟ್ ಮುಗಿಸಿದ ಬೆಳಿಗ್ಗೆ ರಾಜೀನಾಮೆ ಬರೆಯಬೇಡಿ. ಆ ಹೊತ್ತಿನಲ್ಲಿ ಗಂಡ, ಮನೆ, ಊರು ಎಲ್ಲವನ್ನೂ ಬಿಡಬೇಕು ಅನ್ನಿಸುತ್ತದೆ. ಬಿಟ್ಟರೆ ಕೆಲವು ವಾರ ಹಗುರ, ಆಮೇಲೆ ಸಂಬಳದ ಚಿಂತೆ. ಬಿಚ್ಚದ ಗಂಟು ಹೊಸ ಆಸ್ಪತ್ರೆಗೂ ಜೊತೆಗೇ ಬರುತ್ತದೆ. ಏನನ್ನೂ ಬದಲಿಸದೆ ಉಸಿರಿನ ಅಭ್ಯಾಸವೊಂದನ್ನೇ ನೆಚ್ಚಿ ಅಲ್ಲೇ ಉಳಿದರೆ ಅಪಾಯ ಇನ್ನೊಂದು ಥರ. ಸಹಿಸುವುದರಲ್ಲಿ ಇನ್ನಷ್ಟು ಪಳಗಿಬಿಡುತ್ತೀರಿ. ಅದನ್ನು ನೋಡಿ ಆಡಳಿತದವರು ಇನ್ನೊಂದು ಬೆಡ್ ಸೇರಿಸುತ್ತಾರೆ. ನಾನು ಕಂಡ ಮಟ್ಟಿಗೆ ತುಂಬ ಒಳ್ಳೆಯ ನರ್ಸ್‌ಗಳು ಹಾಳಾಗುವುದು ಹೀಗೆಯೇ.

ನಡುವೆ ಒಂದು ದಾರಿ ಇದೆ, ಕೇಳುವುದು. ಆರು ವರ್ಷ ಐಸಿಯು ಮಾಡಿದವರು ಮೂರು ತಿಂಗಳು ಡಯಾಲಿಸಿಸ್‌ಗೋ ಒಪಿಡಿಗೋ ಹಾಕಿ ಎನ್ನುವುದರಲ್ಲಿ ನಾಚಿಕೆ ಇಲ್ಲ. ನೈಟ್ ಆದ ಮರುದಿನವೇ ಮಾರ್ನಿಂಗ್ ಹಾಕಬೇಡಿ, ಸಾಲಾಗಿ ಇಷ್ಟಕ್ಕಿಂತ ಹೆಚ್ಚು ನೈಟ್ ಬೇಡ, ಊಟಕ್ಕೆ ಬಿಡಿಸುವವರು ಯಾರು ಎಂದು ಚಾರ್ಟಿನಲ್ಲೇ ಬರೆಯಿರಿ. ಕೇಳಿದರೆ ‘ಕಂಪ್ಲೇಂಟ್ ಪಾರ್ಟಿ’ ಎಂಬ ಹೆಸರು ಬರಬಹುದು, ಆ ಭಯ ಸುಳ್ಳಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ನಾಲ್ಕು ಜನ ಸೇರಿ, ಬರವಣಿಗೆಯಲ್ಲಿ, ಸುಸ್ತಿನ ಮಾತು ಎತ್ತದೆ ರೋಗಿಯ ಸುರಕ್ಷತೆಯ ಮಾತು ಎತ್ತಿ ಹೋಗಿ. ಯಾವ ರಾತ್ರಿ ಎಷ್ಟು ವೆಂಟಿಲೇಟರ್, ಎಷ್ಟು ಜನ ಸ್ಟಾಫ್ ಎಂದು ಒಂದು ತಿಂಗಳು ಡೈರಿಯಲ್ಲಿ ಬರೆದಿಟ್ಟುಕೊಂಡರೆ ವಾದ ನಿಮ್ಮ ಕಡೆ ಗಟ್ಟಿಯಾಗುತ್ತದೆ. ರೋಗಿಗಳ ಹೆಸರು ಮಾತ್ರ ಬರೆಯಬೇಡಿ. ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಬಿಡಿ, ಆಗ ಅದು ಯೋಚಿಸಿ ಬಿಟ್ಟದ್ದಾಗುತ್ತದೆ. ಬಿಡುವ ಮೊದಲು ನೋಟಿಸ್ ಅವಧಿ ನೋಡಿಕೊಳ್ಳಿ, ಆಸ್ಪತ್ರೆಯವರ ಹತ್ತಿರ ನಿಮ್ಮ ಮೂಲ ಸರ್ಟಿಫಿಕೇಟ್ ಇದ್ದರೆ ಅದನ್ನು ಮೊದಲು ಇಸಿದುಕೊಳ್ಳಿ.

ವೈದ್ಯರನ್ನು ಕಾಣಲು ನಿಮ್ಮದೇ ಆಸ್ಪತ್ರೆಗೆ ಹೋಗಬೇಕಿಲ್ಲ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ‘ಯಾರಾದರೂ ನೋಡಿಬಿಟ್ಟರೆ’ ಎಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವು ಹೇಳಿಕೊಂಡದ್ದನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವೈದ್ಯರ ಹೊಣೆ, ನಿಮ್ಮ ಮ್ಯಾನೇಜ್‌ಮೆಂಟ್ ಕೇಳಿದರೂ ಕೊಡುವಂತಿಲ್ಲ. ಹೋಗುವಾಗ ಮಾತ್ರೆಯ ಸ್ಟ್ರಿಪ್ ಜೊತೆಯಲ್ಲೇ ಒಯ್ಯಿರಿ, ಎಷ್ಟು ಎಂಜಿ, ಎಷ್ಟು ದಿನ ಎಂದು ನಿಜವನ್ನೇ ಹೇಳಿ. ಇನ್‌ಚಾರ್ಜ್ ಸಿಸ್ಟರ್ ಮುಂದಿನ ತಿಂಗಳ ಡ್ಯೂಟಿ ಚಾರ್ಟ್ ಬರೆಯುವುದು ಸಾಮಾನ್ಯವಾಗಿ ತಿಂಗಳ ಕೊನೆಯ ವಾರದಲ್ಲಿ. ನೀವು ನಾಲ್ಕು ಜನ ಅದಕ್ಕೆ ಮೊದಲೇ ಅವರನ್ನು ನೋಡಿ.